ಕ್ವಿಲ್ ಕೊಲ್ಲಿಯ ಗುಟ್ಟು

"ನಿಮ್ಮ ಟಿಪ್ಪಣಿ ಪುಸ್ತಕ ಒಂದ್ಸಲ ಕೊಡ್ತೀರಾ?"

ಹೋಬಾರ್ಟ್‌ನ ಕಡಲ ಸಂಶೋಧನಾ ಕೇಂದ್ರಕ್ಕೆ ಅವನು ಕಾಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಇಮೊಜೆನ್ ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

"ಯಾಕೆ?"

"ನಾನು ಡೆಕ್ಲನ್. ಎಲ್ಲರ ಸಂಶೋಧನೇನೂ ಯಾರು ಬೇಕಾದ್ರೂ ನೋಡೋ ಹಾಗೆ ಇಂಟರ್ನೆಟ್ಟಲ್ಲಿ ಹಾಕೋದೇ ನನ್ನ ಕೆಲಸ."

ಯಾರು ಬೇಕಾದ್ರೂ! ನಾಲ್ಕು ವರ್ಷ ಆ ಕೊರೆಯೋ ನೀರಿಗೆ ಇಳಿದವಳು ನಾನು...

ಬಿಸಿಯೇರುತ್ತಿದ್ದ ಕಡಲಲ್ಲಿ ಎಲ್ಲೆಡೆ ಸತ್ತಿದ್ದ ದೈತ್ಯ ಕಡಲಪಾಚಿ ಒಂದೇ ಒಂದು ಕೊಲ್ಲಿಯಲ್ಲಿ ಬದುಕಿತ್ತು. ಅದು ಅವಳಿಗೆ ಮಾತ್ರ ಗೊತ್ತು. ಅದರ ಬಗ್ಗೆ ಅವಳ ಪ್ರಬಂಧ ಅಚ್ಚಾದರೆ ಕೆಲಸ ಕಾಯಂ. ಬೇರೆಯವರು ಮೊದಲು ಬರೆದರೆ ಮುಂದಿನ ವರ್ಷ ಡಿಸೆಂಬರ್‌ಗೆ ಗಂಟುಮೂಟೆ!

ಅವನ ಕಣ್ಣುಗಳು ಮಾತ್ರ ಚೆನ್ನಾಗಿದ್ದವು. ಅದಕ್ಕೇ ಅವಳಿಗೆ ಇನ್ನಷ್ಟು ಅನುಮಾನ.

ಅಂದಿನಿಂದ ಅವನು ಏನು ಮಾಡಿದರೂ ಸಂಚೇ. ತಿನ್ನೋಕೆ ಚಿಪ್ಪುಮೀನಿನ ಪೈ ತಂದರೆ... ಬಾಯಿ ಬಿಡಿಸೋಕೆ! ದೋಣಿಯಲ್ಲಿ ಪಕ್ಕ ಕುಳಿತರೆ... ಪುಸ್ತಕ ಇಣುಕಿ ನೋಡೋಕೆ!

"ಅವನು ಇಣುಕಿ ನೋಡೋದು ಪುಸ್ತಕಾನಲ್ಲ ಕಣೇ, ನಿನ್ನ ಮುಖಾನ!" ದೋಣಿ ನಡೆಸುವ ಗ್ಲೆನಿಸ್ ನಕ್ಕಳು.

"ನೀನು ಸುಮ್ನಿರು, ಗ್ಲೆನಿಸ್!"

ಅಕ್ಟೋಬರ್‌ನ ಒಂದು ಬೆಳಿಗ್ಗೆ ಡೆಕ್ಲನ್‌ನ ಮೇಜಿನ ಮೇಲೊಂದು ನಕ್ಷೆ ಕಂಡಿತು. ಕ್ವಿಲ್ ಕೊಲ್ಲಿಯ ಮೇಲೆ ಕೆಂಪು ಚುಕ್ಕಿ.

ಅದೇ ಕೊಲ್ಲಿ!

"ಕಳ್ಳ! ನನ್ನ ಪುಸ್ತಕ ಯಾವಾಗ ತೆಗೆದ್ರಿ?"

"ಮುಟ್ಟೇ ಇಲ್ಲ ಇಮೊಜೆನ್. ನಾನೇ ನೀರಿಗಿಳಿದು ನೋಡಿದ್ದು."

"ಸುಳ್ಳು! ಇದರಲ್ಲಿರೋದನ್ನೇ..."

ರಪ್ಪನೆ ಪುಟ ತೆರೆದಳು.

ಪುಸ್ತಕದಲ್ಲಿ ಟಾಲೋ ಕೊಲ್ಲಿ ಎಂದಿತ್ತು.

ಅವಳಪ್ಪ ಕಡಲ ತಳದಿಂದ ಅಬಲೋನಿ ಎಂಬ ದುಬಾರಿ ಚಿಪ್ಪುಮೀನು ಕಿತ್ತು ತರುವವನು. ಒಳ್ಳೆಯ ಜಾಗ ಸಿಕ್ಕರೆ ಆ ಜನ ನಿಜ ಹೆಸರು ಬರೆಯುವುದಿಲ್ಲ, ಪಕ್ಕದ ಕೊಲ್ಲಿಯದನ್ನು ಬರೆಯುತ್ತಾರೆ. ಮಗಳ ಕೈಯೂ ಹಾಗೇ ಪಳಗಿತ್ತು. ಕದ್ದು ನೋಡಿದ್ದರೆ ಅವನ ಚುಕ್ಕಿ ಟಾಲೋ ಮೇಲೆ ಬೀಳಬೇಕಿತ್ತಲ್ಲ!

"ಅಲ್ಲಿ ಪಾಚಿಗೆ ಗುರುತಿಗೆ ಕಿತ್ತಳೆ ಬಣ್ಣದ ದಾರ ಕಟ್ಟಿತ್ತು," ಅವನು ಮೆಲ್ಲಗೆ ಹೇಳಿದ. "ದೋಣಿಯಲ್ಲಿ ನೀವು ಹಾಕೋ ಗಂಟು ನೋಡಿದ್ದೆ. ಅದಕ್ಕೇ ಮೂರು ವಾರದಿಂದ ಯಾರಿಗೂ ತೋರಿಸಿಲ್ಲ. ಮೊದಲು ಕಂಡವರು ನೀವು."

"ನನಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ಇಲ್ಲ... ಖಂಡಿತ ಇಲ್ಲ.

"ಪ್ರಬಂಧ ಬರೋಕೆ ಇನ್ನೂ ಒಂದು ವರ್ಷ. ಎರಡು ತಿಂಗಳಲ್ಲಿ ಬರೋ ಬೇಸಿಗೆನ ಆ ಪಾಚಿ ತಡೆಯುತ್ತೋ ಇಲ್ವೋ... ಪಾಚಿ ಬೆಳೆಸೋರಿಗೆ ಈಗ್ಲೇ ಗೊತ್ತಾದ್ರೆ ಬೀಜ ಉಳಿಸ್ಕೋತಾರೆ. ತೀರ್ಮಾನ ನಿಮ್ದು."

ಅವಳು ಅವನ ಕಂಪ್ಯೂಟರ್ ಮುಂದೆ ಕುಳಿತಳು. ನಾಲ್ಕು ವರ್ಷದ ಪುಟಗಳನ್ನು ಅದಕ್ಕೇರಿಸಿದಳು. ಪ್ರತಿ ಟಾಲೋ ಅಳಿಸಿ ಕ್ವಿಲ್ ಎಂದು ತಿದ್ದಿದಳು. ಮಧ್ಯಾಹ್ನವಾಯಿತು.

"ಇದನ್ನ ಹಾಕಿದ್ರೆ ನನ್ನ ಕೆಲಸ ಉಳಿಯುತ್ತಾ?"

"ನಿಮ್ಮ ಹೆಸರು, ಇವತ್ತಿನ ತಾರೀಖು ಅಲ್ಲಿ ಉಳಿಯುತ್ತೆ. ಕೆಲಸ... ಗೊತ್ತಿಲ್ಲ. ಸುಳ್ಳು ಹೇಳಲ್ಲ."

ಸುಮ್ಮನೆ ಸಮಾಧಾನ ಹೇಳಿದ್ದರೆ ಮತ್ತೆ ಅನುಮಾನಿಸುತ್ತಿದ್ದಳೋ ಏನೋ. ಎಲ್ಲರಿಗೂ ಕಾಣುವಂತೆ ಹಾಕುವ ಗುಂಡಿ ಒತ್ತಿದಳು. ಕಣ್ಣು ತುಂಬಿತು.

"ಡೆಕ್ಲನ್... ಇನ್ನೊಂದು ಗುಟ್ಟಿದೆ. ಅದನ್ನ ಮಾತ್ರ ಊರಿಗೆಲ್ಲ ಹಂಚ್ಬೇಡ."

"ಹೇಳು."

"ಅನುಮಾನ ಅನುಮಾನ ಅಂತ ದಿನಾ ನಿನ್ನನ್ನೇ ನೋಡ್ತಿದ್ದೆ. ಈಗ ಅನುಮಾನ ಹೋಯ್ತು... ನೋಡೋದು ನಿಲ್ಲಿಸೋಕೆ ಆಗ್ತಿಲ್ಲ!"

ಅವನು ಅವಳ ಕೈ ಹಿಡಿದ. "ಗ್ಲೆನಿಸ್‌ಗಾದ್ರೂ ಹೇಳ್ಲಾ?"

"ಅವಳಿಗೆ ನಮಗಿಂತ ಮೊದಲೇ ಗೊತ್ತು ಕಣೋ!"