ಕಸ್ತೂರಿ ಹಾಕಿದ ಒಲೆ

"ಒಡೀಲಿಲ್ಲ! ನೋಡ್ರಿ, ಒಡೀಲೇ ಇಲ್ಲ!"

ರಾಮಥಾಳದ ಹೊಲದ ಒಡ್ಡಿನ ಮೇಲೆ ನಿಂತು ಕಸ್ತೂರಿ ಕುಣಿಯುತ್ತಿದ್ದಳು. ಅವಳು ಮೇಲಿಂದ ಬಿಟ್ಟ ಹಸಿ ಮಣ್ಣಿನ ಉಂಡೆ ಕೆಳಗೆ ನಡೆದು ಬರುತ್ತಿದ್ದವನ ಬಿಳಿ ಅಂಗಿಯ ಹೆಗಲಿಗೆ ಬಡಿದು, ಉರುಳಿ ನೆಲಕ್ಕೆ ಬಿದ್ದಿತ್ತು. ಆದರೂ ಇಡಿಯಾಗಿಯೇ ಇತ್ತು!

"ಅಲ್ರಿ... ನನ್ನ ಅಂಗಿ?"

"ಅಂಗಿ ಒಗದ್ರ ಹೋಗ್ತೈತಿ ಬಿಡ್ರಿ. ಇಂಥಾ ಮಣ್ಣು ಎಲ್ಲಿ ಸಿಗ್ತೈತಿ? ಉಂಡಿ ಒಡದ್ರ ಉಸುಕು ಹೆಚ್ಚು, ಚಪ್ಪಟಿ ಆದ್ರ ಜಿಗಟು ಹೆಚ್ಚು. ಇದು ಎರಡೂ ಆಗಿಲ್ಲ! ಈ ಹೊಲದ ಮಾಲಕರು ಭಾಳ ಪುಣ್ಯ ಮಾಡ್ಯಾರ."

"ಆ ಪುಣ್ಯವಂತ ನಾನೇ ರಿ," ಆತ ಹೆಗಲು ಜಾಡಿಸಿಕೊಳ್ಳುತ್ತ ನಕ್ಕ. "ವಿಜಯಮಹಾಂತೇಶ. ಫೋನಿನ್ಯಾಗ ಮಾತಾಡಿದ್ವಲ್ಲ."

ಕಸ್ತೂರಿ ನಾಲಿಗೆ ಕಚ್ಚಿಕೊಂಡಳು. ಮನೆ ಕಟ್ಟಿಸುವವನ ಮೇಲೇ ಮಣ್ಣೆಸೆದಾಯಿತಲ್ಲ!

ಅವಳು ಇಳಕಲ್ಲಿನ ನೇಕಾರ ಬಾಬಣ್ಣನ ಮಗಳು. ಬಾಗಲಕೋಟೆಯಲ್ಲಿ ಮನೆಗಳ ವಿನ್ಯಾಸ ಓದಿದವಳು. ಸ್ವಂತವಾಗಿ ಹಿಡಿದ ಮೊದಲ ಕೆಲಸವೇ ಇದು. ಆತ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ.

"ಎರಡಂಕಣದ ಸಣ್ಣ ಮನಿ ಸಾಕು ಮೇಡಮ್ಮಾರ. ನೀರು ಮಳಿದು, ಕರೆಂಟು ಬಿಸಿಲಿಂದು, ಕಾಯಿಪಲ್ಲೆ ಹಿತ್ತಲದ್ದು. ಯಾರ ಹಂಗೂ ಇರಬಾರದು," ಎಂದು ಆತ ಕಣ್ಣರಳಿಸಿ ಹೇಳುವಾಗ ಕಸ್ತೂರಿಯ ಎದೆ ಯಾಕೋ ಧಡಧಡ ಅಂದಿತು. ತನ್ನ ಕನಸನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಯಾರಿಗೆ ತಾನೇ ಹಾಗಾಗುವುದಿಲ್ಲ?

ಅಷ್ಟರಲ್ಲಿ ಅವನ ತಾಯಿ ಲಗಮವ್ವ ತಂಬಿಗೆ ಹಿಡಿದು ಬಂದಳು.

"ಅಯ್ಯ, ಹೊಸಾ ಅಂಗೀನೋ! ಬೇವೂರಾಗ ಕನ್ಯಾ ನೋಡಿ ಈಗರೆ ಬಸ್ ಇಳದು ಬಂದಾನವ್ವ..."

ಕನ್ಯಾ! ಧಡಧಡ ಅನ್ನುತ್ತಿದ್ದ ಎದೆ ತಟ್ಟನೆ ತೆಪ್ಪಗಾಯಿತು. 'ನೋಡಿದರೆ ನೋಡಲಿ, ನನಗೇನು?' ಅಂದುಕೊಂಡಳು ಕಸ್ತೂರಿ. ಮನಸ್ಸಿನಲ್ಲಿ ಏನೂ ಇಲ್ಲದವರು ಹಾಗೆ ಅಂದುಕೊಳ್ಳುವ ಅಗತ್ಯವಾದರೂ ಏನಿತ್ತು!

ಕೆಲಸ ಶುರುವಾಯಿತು. ಇಳಕಲ್ಲಿನ ಪಾಲಿಶ್ ಕಾರ್ಖಾನೆಗಳ ಹಿಂದೆ ಬಿದ್ದಿದ್ದ ಕೆಂಪು ತುಂಡುಗಲ್ಲುಗಳು ಟ್ರ್ಯಾಕ್ಟರ್ ಏರಿ ಬಂದು ಬುನಾದಿಯಾದವು. ಹೊಟ್ಟು ಬೆರೆಸಿ ತುಳಿದ ಮಣ್ಣು ಗೋಡೆಯಾಯಿತು. ಬಚ್ಚಲ ನೀರು ಬಾಳೆಗಿಡಗಳಿಗೆ ಹರಿಯಿತು, ಮಾಳಿಗೆಯ ಮಳೆನೀರಿಗೆ ನೆಲದೊಳಗೆ ತೊಟ್ಟಿ ಸಿದ್ಧವಾಯಿತು. ಶಾಲೆ ಬಿಟ್ಟ ಕೂಡಲೇ ಮಾಸ್ತರ ಹಾಜರು! ಪ್ಯಾಂಟು ಮಡಚಿ ಕೆಸರಿಗಿಳಿಯುವುದು, ಕಿಟಕಿ ಎಲ್ಲಿರಬೇಕೆಂದು ಜಗಳ ಕಾಯುವುದು, ಸೋತು ನಗುವುದು.

ಗೋಡೆ ಏರಿದಂತೆಲ್ಲ ಕಸ್ತೂರಿಯ ಸಂಕಟವೂ ಏರುತ್ತಿತ್ತು. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು, ಮುಚ್ಚುಮರೆಯೇನು ಬಂತು! ಆದರೆ ಬೇರೊಬ್ಬಳು ಬಂದು ಬಾಳುವ ಮನೆಯನ್ನು ತನ್ನ ಕೈಯಾರೆ ಕಟ್ಟುತ್ತಿದ್ದಳಲ್ಲ...

"ಅಡಿಗಿ ಮಾಡೋರು ಎಷ್ಟು ಎತ್ತರ ಅದಾರ್ರಿ? ಕಟ್ಟಿ ಅಳತಿ ಹಿಡೀಬೇಕು," ಎಂದು ಒಮ್ಮೆ ಗಟ್ಟಿ ಮನಸ್ಸು ಮಾಡಿ ಕೇಳಿದ್ದಳು.

ಆತ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಿಮ್ಮಷ್ಟೇ ಹಿಡೀರಿ," ಎಂದಿದ್ದ.

'ಅಂದರೆ ಬೇವೂರಿನವಳೂ ನನ್ನಷ್ಟೇ ಎತ್ತರ...' ಕಸ್ತೂರಿ ಅಳತೆ ಟೇಪು ಸುತ್ತಿಕೊಂಡು ಹೊರಗೆ ಹೋಗಿದ್ದಳು.

ಮಾಳಿಗೆಗೆ ಮಣ್ಣಿನ ಮೇಲ್ಮುದ್ದೆ ಹಾಕಿ ಮುಗಿದ ದಿನ ಒಂದಿಷ್ಟು ಹದವಾದ ಮಣ್ಣು ಉಳಿಯಿತು. ಕಸ್ತೂರಿಯ ತಲೆಯಲ್ಲಿ ಒಲೆಯೊಂದು ಎಂದಿನಿಂದಲೋ ಕೂತಿತ್ತು. ಅದರ ಹೊಗೆ ಕೊಳವೆ ಹಿಡಿದು ಹೊರಗೆ ಹೋಗಬೇಕು, ಹೋಗುವಾಗ ಬಚ್ಚಲಿನ ಹಂಡೆಯನ್ನೂ ಕಾಯಿಸಬೇಕು. ಮಣ್ಣು ಕಂಡ ಮೇಲೆ ಸುಮ್ಮನಿರಲು ಅವಳಿಂದಾಗಲಿಲ್ಲ. ಸೆರಗು ಸಿಕ್ಕಿಸಿ, ನೆಲಕ್ಕೆ ಗೇಣು ಹಾಕಿ ಅಳೆದು, ತಟ್ಟಿ ತೀಡಿ ಒಲೆ ನಿಲ್ಲಿಸಿಯೇಬಿಟ್ಟಳು.

ಮಜ್ಜಿಗೆ ತಂದ ಲಗಮವ್ವ ಬಾಗಿಲಲ್ಲೇ ನಿಂತಳು.

"ಯಾರು ಹಾಕಿದ್ರು ಇದನ್ನ?"

"ನಾನೇ ಹಾಕಿದ್ನೆವ್ವ! ಚಲೋ ಆಗೈತಿಲ್ಲ?"

"ಅಯ್ಯ ನನ ಶಿವನೇ!" ಲಗಮವ್ವ ಕುಸಿದು ಕೂತಳು. "ನಮ್ಮ ಮನೆತನದಾಗ ಹೊಸ ಮನಿ ಒಲಿ ಸೊಸಿ ಹಾಕತಾಳವ್ವ, ತನ್ನ ಗೇಣಿಲೆ ಅಳದು. ಒಲಿ ಹಾಕಿದಾಕಿನೇ ಆ ಮನಿ ಒಡತಿ!"

ಕಸ್ತೂರಿಯ ಕೈ ಮಣ್ಣಲ್ಲೇ ಉಳಿಯಿತು. ಗ್ಯಾಸ್ ಸಿಲಿಂಡರಿನ ಮುಂದೆ ಬೆಳೆದ ಇಳಕಲ್ಲಿನ ಹುಡುಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು!

ಮಾತು ಕೇಳಿ ವಿಜಯಮಹಾಂತೇಶ ಒಳಗೆ ಬಂದ. ಒಲೆ ನೋಡಿದ. ಅವಳನ್ನು ನೋಡಿದ. ಅವನ ಮುಖ ಕೆಂಪಗಾಯಿತು.

"ಒಡೀರಿ ಅದನ್ನ."

ಅಷ್ಟೇ ಅಂದ. ಅವಳು ತುಟಿ ಕಚ್ಚಿ, ತಾನು ತೀಡಿದ ಒಲೆಯನ್ನು ತಾನೇ ಕಿತ್ತು ಮಣ್ಣುಗುಡ್ಡೆ ಮಾಡಿದಳು.

"ಬೇವೂರಿನಾಕಿ ಬಂದು ಹಾಕ್ಲಿ ಬಿಡ್ರಿ! ನಂದು ಕೆಲಸ ಮುಗೀತು. ಬಸ್ಸಿಗೆ ಹೊಂಡತೇನಿ."

ಕಣ್ಣೀರು ಕಾಣಬಾರದೆಂದು ದಡದಡ ಹೊರಟವಳನ್ನು ಆತ ಅಂಗಳದಲ್ಲಿ ಅಡ್ಡಗಟ್ಟಿದ.

"ಬೇವೂರಿನಾಕಿ ಯಾರು?"

"ನೀವು ನೋಡಿ ಬಂದ ಕನ್ಯಾ!"

"ಆಕೀ ಲಗ್ನ ಆಗಿ ಹೋತವ್ವ!" ಒಳಗಿನಿಂದಲೇ ಲಗಮವ್ವ ಕೂಗಿದಳು. "ಮಣ್ಣಿನ ಮನಿ ಅಂದ ಕೂಡಲೇ ಒಲ್ಲೆ ಅಂದಿದ್ಲು!"

ಕಸ್ತೂರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅವತ್ತೇ ಹೇಳಬಾರದೇನ್ರಿ!"

"ನೀವು ಕೇಳಬಾರದೇನ್ರಿ! ಗೋಡಿ ದಪ್ಪ ಕೇಳಿದ್ರಿ, ಕಿಟಕಿ ಅಗಲ ಕೇಳಿದ್ರಿ... ಇದೊಂದು ಬಿಟ್ಟು!"

"ಮತ್ತ ನನ್ನ ಒಲಿ ಯಾಕ ಒಡಸಿದ್ರಿ?"

ಆತನ ದನಿ ಮೆತ್ತಗಾಯಿತು.

"ನಿಮಗ ಪದ್ಧತಿ ಗೊತ್ತಿರಲಿಲ್ಲ. ಗೊತ್ತಿಲ್ದ ಹಾಕಿದ ಒಲಿ ಹಿಡಕೊಂಡು, ನಡೀರಿ ಇನ್ನ ನೀವೇ ಸೊಸಿ ಅಂದ್ರ ಅದು ನ್ಯಾಯ ಏನ್ರಿ? ಭಾಳ ದಿನದಿಂದ ಕೇಳಬೇಕಂತ ಇದ್ದೆ. ಹೆದರಿಕಿ. ಇಲ್ಲ ಅಂದ್ರ ಮನಿ ಕೆಲಸಕ್ಕೂ ಬರೂದು ಬಿಡ್ತಾರ ಅಂತ... ಈಗ ಕೇಳಾಕತ್ತೇನಿ. ಕಸ್ತೂರಿ, ಎಲ್ಲಾ ಗೊತ್ತಿದ್ದು, ಇನ್ನೊಮ್ಮೆ ಒಲಿ ಹಾಕ್ತೀಯೇನು?"

ಗಾಳಿಗೆ ಬಾಳೆ ಎಲೆಗಳು ಪಟಪಟ ಬಡಿದುಕೊಂಡವು. ಕಸ್ತೂರಿ ಮಣ್ಣಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಕೆಸರಾಯಿತು.

"ಅಪ್ಪನ್ನ ಕೇಳಬೇಕು..." ಎಂದಳು ಕೊನೆಗೆ.

"ನಾಳೆ ಅವ್ವನ್ನ ಕರಕೊಂಡು ಇಳಕಲ್ಲಿಗೆ ಬರ್ತೇನಿ. ನಿಮ್ಮ ಅಪ್ಪಾರು ಹೂಂ ಅಂದ ಮ್ಯಾಲೆ ಹಾಕುವಂತಿ."

"ಅಲ್ಲೀ ತನಕ ಮಣ್ಣು ಕುಂದ್ರತೈತೇನು?" ಅವಳು ಆಗಲೇ ಒಳಗೆ ಓಡುತ್ತಿದ್ದಳು. "ನಮ್ಮ ಅಪ್ಪಗ ನಾ ಹೇಳ್ತೇನಿ! ಒಣಗಾಕತ್ತೈತಿ, ಜಲ್ದಿ ನೀರು ತರ್ರಿ!"

ಆತ ಕೊಡ ಹೊತ್ತು ಓಡಿ ಬಂದ. ಲಗಮವ್ವ ಸೆರಗು ಬಾಯಿಗೆ ಹಿಡಿದು, ನಗುತ್ತ ಹಿತ್ತಲಿಗೆ ಸರಿದಳು. ಕಸ್ತೂರಿ ಮಂಡಿಯೂರಿ, ನೆಲದ ಮೇಲೆ ಬೆರಳು ಅಗಲಿಸಿ ಗೇಣು ಹಾಕಿದಳು. ಮತ್ತೊಮ್ಮೆ ಹಾಕಿದಳು, ಇನ್ನೊಮ್ಮೆ ಹಾಕಿದಳು.

"ಯಾಕ, ಎಷ್ಟು ಸಲ ಅಳೀತಿ? ಆಗ ಎಷ್ಟು ಜಲ್ದಿ ಹಾಕಿದ್ದಿ..."

"ಆಗ ನಿಮ್ಮ ಮನಿಗೆ ಹಾಕಿದ್ದೆ," ಎಂದಳು ಕಸ್ತೂರಿ, ತಲೆಯೆತ್ತದೆ. "ಈಗ ನಮ್ಮ ಮನಿಗೆ."