ನಲವತ್ತೇಳನೇ ಮನೆಯ ಓಟು

ಬೊಲೆರೋ ನನ್ನ ಬೈಕಿಗೆ ಹಿಂದಿನಿಂದ ಗುದ್ದಿತು!

ಹ್ಯಾಂಡಲ್ ಕೈ ತಪ್ಪಿತು. ಹೇಗೋ ಹಿಡಿದೆ.

"ನಿಲ್ಸೋ ಲೇ! ಆ ಪೇಪರ್ ಕೊಟ್ಟು ಜೀವ ಉಳಿಸ್ಕೋ!"

ಕೂಗಿದವನು ಬೈರೇಶ್. ದೇವನಹಳ್ಳಿ ಹತ್ತಿರದ ವಿಲ್ಲಾ ಲೇಔಟೊಂದರ ಸೆಕ್ಯೂರಿಟಿ ಸೂಪರ್‌ವೈಸರ್. ಅಲ್ಲಿನ ಅಸೋಸಿಯೇಷನ್ ಪ್ರೆಸಿಡೆಂಟ್ ಚಲಪತಿಯ ಬಲಗೈ.

ಪೇಪರ್ ನನ್ನ ಶರ್ಟಿನೊಳಗಿತ್ತು. ನೂರ ಹದಿನೆಂಟು ಪ್ರಾಕ್ಸಿ ಫಾರಂ! ಊರಲ್ಲಿಲ್ಲದ ಓನರ್‌ಗಳು 'ನಮ್ಮ ಓಟು ಚಲಪತಿಗೆ' ಅಂತ ಬರೆದುಕೊಟ್ಟಿದ್ದಂತೆ. ಆರು ವರ್ಷದಿಂದ ಚಲಪತಿ ಇಂಥವುಗಳಿಂದಲೇ ಎಲೆಕ್ಷನ್ ಗೆಲ್ತಿದ್ದ. ಅವತ್ತು ಬೆಳಿಗ್ಗೆ ಆಫೀಸ್ ಗುಡಿಸೋ ಮುನಿರತ್ನಮ್ಮ ನನ್ನ ಕೈಗೆ ತಂದಿಟ್ಟಿದ್ದಳು.

"ಎಲ್ಲಾ ಅವ್ನೇ ಕೂತ್ಕೊಂಡು ಸೈನ್ ಹಾಕಿದ್ದು ಸಾರ್. ನಾನೇ ನೋಡ್ದೆ."

ನಾನ್ಯಾರು ಅಂತೀಯಾ? ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಆವಲಪ್ಪ. ಈಗ ಪ್ರೈವೇಟ್ ಡಿಟೆಕ್ಟಿವ್. ಆದ್ರೆ ಈ ಕೇಸಿಗೆ ಫೀಸಿಲ್ಲ ಗುರು...

ಇದು ಸೇಡು!

ಯುಗಾದಿ ದಿನ ನನ್ನ ತಂಗಿ ಯಶಸ್ವಿನಿಯ ಗಂಡ ಅಂಬರೀಶನಿಗೆ ಎದೆನೋವು ಬಂತು. ಅದೇ ಲೇಔಟಲ್ಲಿ ಅವರ ಮನೆ, ಪಕ್ಕದ ಗೇಟಿಗೆ ಬೀಗ. ಚಲಪತಿ ಆರ್ಡರ್. ಕೀ ಅವನ ಜೇಬಲ್ಲಿ, ಅವನ ಫೋನ್ ಆಫ್. ಆಂಬುಲೆನ್ಸ್ ಸುತ್ತಿ ಬರೋಕೆ ಇಪ್ಪತ್ತು ನಿಮಿಷ... ಅಷ್ಟರಲ್ಲಿ ಮುಗಿದಿತ್ತು.

"ಅಸೋಸಿಯೇಷನ್ ರೂಲ್ ಕಣಮ್ಮ" ಅಂದ ಚಲಪತಿ. ಹೆಣದ ಮುಂದೆ!

ಮತ್ತೆ ಗುದ್ದಿತು ಬೊಲೆರೋ.

ಎಡಕ್ಕೆ ದ್ರಾಕ್ಷಿ ತೋಟ. ನುಗ್ಗಿಸಿದೆ! ಕಲ್ಲುಕಂಬಗಳ ಮಧ್ಯೆ ಬೈಕಿಗೆ ಜಾಗ ಇತ್ತು.

ಬೊಲೆರೋಗೆ ಇರಲಿಲ್ಲ.

ಧಡಾರ್!

ತಿರುಗಿ ನೋಡಿದೆ. ಬೈರೇಶ್ ಕುಂಟುತ್ತಾ ಇಳೀತಿದ್ದ. ಬದುಕಿದ್ದ. ಸಾಕು.

ಹನ್ನೊಂದು ಗಂಟೆಗೆ ಲೇಔಟಿನ ಕ್ಲಬ್‌ಹೌಸ್ ತಲುಪಿದೆ. ಅವತ್ತೇ ಅಸೋಸಿಯೇಷನ್ ಎಲೆಕ್ಷನ್. ಹಾಲ್ ತುಂಬಾ ಮೆಂಬರ್‌ಗಳು. ಮೈಕ್ ಹಿಡಿದು ಚಲಪತಿ.

"ಪ್ರಾಕ್ಸಿ ನೂರ ಹದಿನೆಂಟು. ಎಲ್ಲಾ ನನಗೆ. ಆಫೀಸಲ್ಲಿ ಭದ್ರವಾಗಿವೆ."

"ಇಲ್ಲ ಸಾರ್. ನನ್ನ ಹತ್ರ ಇವೆ."

ಬೈರೇಶ್ ನನ್ನ ತಡೆದಿರ್ತಾನೆ ಅಂದ್ಕೊಂಡಿದ್ದ. ಅವನ ಮುಖ ಸುಣ್ಣವಾಯ್ತು.

"ಲೇ, ನೀನು ಮೆಂಬರ್ ಅಲ್ಲ! ಆಚೆ ನಡಿ!"

"ಇವಳು ಮೆಂಬರ್." ಒಂದು ಫಾರಂ ತಂಗಿ ಕೈಗಿಟ್ಟೆ. "ಓದಮ್ಮ."

ಯಶಸ್ವಿನಿ ಎದ್ದು ನಿಂತಳು. ಎಲ್ಲರಿಗೂ ಕೇಳೋ ಹಾಗೆ ಓದಿದಳು.

"ಮನೆ ನಂಬರ್ ನಲವತ್ತೇಳು. ಹೆಸರು ಅಂಬರೀಶ್. ಸೈನ್ ಹಾಕಿದ್ದು... ಹೋದ ಶುಕ್ರವಾರ. ನನ್ನ ಗಂಡ ಸತ್ತು ನಾಲ್ಕು ತಿಂಗಳಾಯ್ತು ಚಲಪತಿ ಅವರೇ!"

ಮುಂದಿನ ಸಾಲಿನವರು ಫಾರಂ ನೋಡೋಕೆ ಎದ್ದು ಬಂದರು.

ಹಳೇ ಓನರ್ ಲಿಸ್ಟ್ ಇಟ್ಕೊಂಡು ಸೈನ್ ಗೀಚಿದ್ದಾನೆ ಬೇವರ್ಸಿ! ತಾನೇ ಕೊಂದವನ ಹೆಸರೂ ಅವನಿಗೆ ನೆನಪಿಲ್ಲ!

ಅವನ ಕಾಲರ್ ಹಿಡಿದೆ. ಮುಷ್ಟಿ ಎತ್ತಿದೆ.

"ಬಿಡಣ್ಣ!" ಅಂದಳು ತಂಗಿ. "ನೀನು ಹೊಡೆದ್ರೆ ಜನ ಅಯ್ಯೋ ಪಾಪ ಅಂತಾರೆ. ಇವನು ಸೋಲ್ಬೇಕು."

ಬಿಟ್ಟೆ. ಬಿಡೋದು ಕಷ್ಟ ಇತ್ತು ಗುರು...

ಅವಳೇ ಮೈಕ್ ಕಿತ್ಕೊಂಡಳು.

"ಇನ್ಮೇಲೆ ಪ್ರಾಕ್ಸಿ ಬೇಡ. ಚೀಟಿ ಹಾಕಿ ಗುಟ್ಟಾಗಿ ಓಟು. ಎಲೆಕ್ಷನ್ ನಡೆಸೋಕೆ ಹೊರಗಿನವರು. ಎರಡು ವರ್ಷ ಆದ್ಮೇಲೆ ಯಾರೇ ಆಗ್ಲಿ ಇಳೀಬೇಕು. ಒಪ್ಪೋರು ಕೈ ಎತ್ತಿ!"

ಒಂದು ಕೈ. ಹತ್ತು. ಆಮೇಲೆ ಇಡೀ ಹಾಲ್! ಚಲಪತಿ ಪಕ್ಕ ಕೂತಿದ್ದ ಕಮಿಟಿಯವರೂ ಮೆಲ್ಲಗೆ ಎತ್ತಿದರು.

ಫೋರ್ಜರಿ ಕಂಪ್ಲೇಂಟ್ ಅಲ್ಲೇ ಬರೆದ್ವಿ. ಮಧ್ಯಾಹ್ನಕ್ಕೆ ಪೊಲೀಸ್ ಜೀಪ್ ಬಂತು. ಹಿಂದಿನ ಸೀಟಲ್ಲಿ ಬೆವರ್ತಾ ಕೂತ ಚಲಪತಿ ನನ್ನ ಕಡೆ ತಿರುಗಿದ.

"ಕುಡಿಯೋಕೆ ಸ್ವಲ್ಪ ನೀರು ಕೊಡಿಸಪ್ಪಾ..."

"ಅರ್ಜಿ ಬರ್ಕೊಡಿ ಸಾರ್," ಅಂದೆ. "ಮುಂದಿನ ಮೀಟಿಂಗಲ್ಲಿ ಚರ್ಚೆ ಮಾಡೋಣ."