ಒಂಬತ್ತು ಸೆಕೆಂಡಿನ ಸ್ವರ

"ನಿಲ್ಲಿಸು, ನಿಲ್ಲಿಸು!" ಎಂದರು ಪಿಟೀಲು ಮಿಸ್.

ಯಾಕಮ್ಮ ಕಮಾನನ್ನು ತಂತಿಯ ಮೇಲಿಂದ ಎತ್ತಿದಳು. ಬಾಯಿ ತೆರೆದರೆ "ಯಾಕೆ?" ಎನ್ನುವ ಅವಳಿಗೆ ಅಣ್ಣ ಇಟ್ಟ ಹೆಸರು ಅದು. ಈಗ ಶಾಲೆಯಲ್ಲೂ ಅದೇ ಗಟ್ಟಿಯಾಗಿತ್ತು.

"ಈ ಸ್ವರಕ್ಕೆ ಎಷ್ಟು ಎಣಿಕೆ?"

"ನಾಲ್ಕು, ಮಿಸ್."

"ನೀನು ಎಷ್ಟು ಎಳೆದೆ?"

"ಒಂಬತ್ತು ಇರಬಹುದು."

"ಚೂಯಿಂಗ್ ಗಮ್ ಥರ ಎಳೀತಾನೇ ಇದ್ದೀಯಲ್ಲೇ!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಿಸ್ ನೋಟೇಷನ್ ಹಾಳೆಯ ಮೇಲೆ ಪೆನ್ಸಿಲಿನ ತುದಿ ಇಟ್ಟರು. "ಇದನ್ನ ಬರೆದೋರು 'ಇಲ್ಲಿ ಕಾಯಿರಿ' ಅಂತ ಎಲ್ಲಾದ್ರೂ ಬರೆದಿದ್ದಾರಾ?"

"ಇಲ್ಲ ಮಿಸ್. ಆದ್ರೆ ನಮ್ಮ ದೊಡ್ಡಜ್ಜಿ ರೆಕಾರ್ಡಲ್ಲಿ ಹೀಗೇ ಬಾರಿಸಿದ್ದಾರೆ."

ದೊಡ್ಡಜ್ಜಿ ಎಂದರೆ ಅಜ್ಜಿಯ ಅಕ್ಕ. ಹೆಸರುವಾಸಿ ಪಿಟೀಲುಗಾರ್ತಿ. ಯಾಕಮ್ಮ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಪಿಟೀಲು ಮತ್ತು ಪಿಯಾನೊ ಜೊತೆಯಾಗಿ ನುಡಿಸುವ ಈ ಸೊನಾಟಾವನ್ನು ಅವರು ನುಡಿಸಿದ ರೆಕಾರ್ಡು ಮನೆಯಲ್ಲಿತ್ತು. ಪಿಯಾನೊ ನುಡಿಸಿದ್ದು ಅಜ್ಜಿ. ಯಾಕಮ್ಮ ಅದನ್ನು ಕೇಳಿ ಕೇಳಿಯೇ ಕಲಿತದ್ದು.

ಮಿಸ್ ಬೈಯಲಿಲ್ಲ. "ಆ ರೆಕಾರ್ಡ್ ನಾನೂ ಕೇಳಿದ್ದೀನಿ. ಅಲ್ಲಿ ಅವರು ಯಾಕೆ ಕಾದ್ರು ಅಂತ ನಂಗೂ ಗೊತ್ತಿಲ್ಲ. ನಿಂಗೆ ಗೊತ್ತಾ?"

ಎಲ್ಲರನ್ನೂ "ಯಾಕೆ" ಎಂದು ಕೇಳುವವಳಿಗೇ ಇವತ್ತು ಆ ಪ್ರಶ್ನೆ ಬಿದ್ದಿತ್ತು. ಯಾಕಮ್ಮ ಪೆಚ್ಚಾಗಿ ತಲೆ ಅಲ್ಲಾಡಿಸಿದಳು.

"ಶುಕ್ರವಾರದೊಳಗೆ ತಿಳ್ಕೊಂಡು ಬಾ. ಸರಿಯಾದ ಕಾರಣ ಇದ್ರೆ ಶಾಲೆ ಪ್ರೋಗ್ರಾಮಲ್ಲಿ ಹಾಗೇ ಬಾರಿಸು. ಇಲ್ಲಾಂದ್ರೆ ನಾಲ್ಕೇ ಎಣಿಕೆ."

ಸಂಜೆ ಅಮ್ಮನ ಫೋನಿನಲ್ಲಿ ಅದೇ ಸೊನಾಟಾದ ಇನ್ನೂ ಮೂರು ವಿಡಿಯೊ ರೆಕಾರ್ಡಿಂಗ್ ಸಿಕ್ಕವು. ಅಣ್ಣ ಸ್ಟಾಪ್‌ವಾಚ್ ಹಿಡಿದ. ಯಾಕಮ್ಮ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದುಕೊಂಡಳು. ಗಡ್ಡದವರು ಆ ಸ್ವರವನ್ನು ನಾಲ್ಕು ಸೆಕೆಂಡು ಹಿಡಿದಿದ್ದರು. ನೀಲಿ ಕೋಟಿನ ಅಕ್ಕ, ಐದು. ಇನ್ನೊಬ್ಬರಂತೂ ಬಸ್ಸು ಹೊರಟೇ ಹೋಯಿತು ಎನ್ನುವವರ ಹಾಗೆ ಮೂರಕ್ಕೇ ಮುಗಿಸಿ ಓಡಿದ್ದರು.

ದೊಡ್ಡಜ್ಜಿ ಮಾತ್ರ ಒಂಬತ್ತು.

"ಎಲ್ಲರೂ ಅದೇ ಹಾಳೆ ನೋಡ್ಕೊಂಡು ತಾನೆ ಬಾರಿಸೋದು? ಮತ್ತೆ ಯಾಕೆ ಒಬ್ಬೊಬ್ಬರದು ಒಂದೊಂದು ಥರ?" ಎಂದ ಅಣ್ಣ.

"ಯಾಕೆ ಅಂತ ಕೇಳೋದು ನನ್ನ ಕೆಲ್ಸ," ಎಂದಳು ಯಾಕಮ್ಮ.

ರೆಕಾರ್ಡಿನ ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಯಾರೋ ಹೊಗಳಿ ಬರೆದಿದ್ದರು: 'ಇಲ್ಲಿ ಪಿಟೀಲು ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಇದು ಮಹಾ ಕಲಾವಿದೆಗೆ ಮಾತ್ರ ಸಾಧ್ಯ.' ಉಸಿರು ಯಾಕೆ ಬಿಗಿಹಿಡಿಯಿತು ಎಂಬುದು ಮಾತ್ರ ಅದರಲ್ಲಿರಲಿಲ್ಲ.

ಬುಧವಾರ ಯಾಕಮ್ಮ ಅಣ್ಣನ ಹೆಡ್‌ಫೋನನ್ನು ಹಳೇ ರೆಕಾರ್ಡ್ ಪ್ಲೇಯರಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಕೂತಳು. ಮೊದಲು ಚಟಪಟ ಸದ್ದು. ಆಮೇಲೆ ಪಿಟೀಲು. ಆ ಸ್ವರ ಬಂತು. ಒಂದು, ಎರಡು, ಮೂರು, ನಾಲ್ಕು...

ಸರ್‌ರ್.

ಯಾಕಮ್ಮ ಕಣ್ಣು ಬಿಟ್ಟಳು. ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟಳು. ಮತ್ತೆ ಕೇಳಿದಳು. ಪಿಟೀಲಿನ ಸ್ವರದ ಅಡಿಯಲ್ಲಿ, ತೀರಾ ಸಣ್ಣಗೆ, ಸರ್‌ರ್... ಪರ್‌ರ್... ಇದು ತಂತಿಯ ಸದ್ದಲ್ಲ. ದಿನಾ ಕ್ಲಾಸಿನಲ್ಲಿ ಕೇಳುವ ಸದ್ದು.

ಕಾಗದ!

ಅವಳು ಅಡುಗೆಮನೆಗೆ ಓಡಿದಳು. ಅಜ್ಜಿ ಬಟಾಣಿ ಬಿಡಿಸುತ್ತಿದ್ದರು. ಆ ರೆಕಾರ್ಡು ಹಾಕಿದಾಗಲೆಲ್ಲ ಅಜ್ಜಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು.

"ಅಜ್ಜಿ, ದೊಡ್ಡಜ್ಜಿ ಆ ಸ್ವರ ಹಿಡ್ಕೊಂಡು ನಿಂತಾಗ ಕಾಗದದ ಸದ್ದು ಬರುತ್ತಲ್ಲ, ಅದು ಏನು?"

ಅಜ್ಜಿಯ ಕೈ ನಿಂತಿತು. ಒಂದು ಬಟಾಣಿ ಜಾರಿ ಉರುಳುತ್ತಾ ಫ್ರಿಜ್ಜಿನ ಅಡಿಗೆ ಹೋಯಿತು.

"ನಲವತ್ತಾರು ವರ್ಷ ಆಯ್ತು," ಎಂದರು ಅಜ್ಜಿ. "ಯಾರಿಗೂ ಕೇಳಿಸಿರಲಿಲ್ಲ. ನಿಂಗೆ ಹೇಗೆ ಕೇಳಿಸ್ತೇ?"

"ಹೆಡ್‌ಫೋನ್."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು. "ಎರಡು ಹಾಳೆ ಅಂಟ್ಕೊಂಡಿತ್ತು ಮಗೂ. ನಾನು ತಿರುಗಿಸಿದೆ, ಎರಡೂ ಒಟ್ಟಿಗೆ ತಿರುಗಿಬಿಡ್ತು. ಮುಂದೇನು ಬಾರಿಸ್ಬೇಕು ಅನ್ನೋದೇ ನಂಗೆ ತೋಚಲಿಲ್ಲ. ಹಾಳೆ ಬಿಡಿಸೋಕೆ ಒದ್ದಾಡ್ತಿದ್ದೀನಿ, ಅಕ್ಕ ಕಮಾನು ನಿಲ್ಲಿಸ್ಲೇ ಇಲ್ಲ. ನನ್ನ ಮುಖ ನೋಡ್ತಾ ಎಳೀತಾನೇ ಇದ್ಲು. ಹೇಗೋ ಮುಂದಿನ ಸಾಲು ಸಿಕ್ತು, ಹಿಡ್ಕೊಂಡೆ."

"ಇನ್ನೊಂದ್ಸಲ ರೆಕಾರ್ಡ್ ಮಾಡ್ಬಹುದಿತ್ತಲ್ಲ?"

"ನಾನೂ ಅತ್ತು ಕರೆದು ಅದನ್ನೇ ಹೇಳಿದೆ. ಅಕ್ಕ ಕೇಳಲಿಲ್ಲ. 'ಹಾಳೆ ಅಂಟಿದ್ದು ನಿನ್ನ ತಪ್ಪು. ಕಾದಿದ್ದು ನನ್ನ ಇಷ್ಟ. ಇದೇ ಇರ್ಲಿ' ಅಂದ್ಲು."

"ಆಮೇಲೆ ಬೇರೆ ಪ್ರೋಗ್ರಾಮಲ್ಲೆಲ್ಲ ಅವರು ಹಾಗೇ ಕಾಯ್ತಿದ್ರಾ?"

"ಒಂದ್ಸಲಾನೂ ಇಲ್ಲ. ಎಲ್ಲ ಕಡೆ ನಾಲ್ಕೇ ಎಣಿಕೆ."

"ಯಾಕೆ?"

"ಆಗೆಲ್ಲ ನಾನು ತಡ ಮಾಡ್ಲಿಲ್ಲವಲ್ಲ!" ಅಜ್ಜಿ ನಕ್ಕುಬಿಟ್ಟರು. ನಕ್ಕ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಮಿಸ್‌ಗೆ ಹೇಳ್ಲಾ? ಅಥವಾ ಬೇಡ್ವಾ?"

"ಹೇಳೇ. ಎಷ್ಟು ವರ್ಷ ಅಂತ ಮುಚ್ಚಿಟ್ಕೊಳ್ಳಲಿ?"

ಶುಕ್ರವಾರ ಯಾಕಮ್ಮ ಹೇಳಿದ್ದನ್ನು ಕೇಳಿ ಮಿಸ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. "ಅಯ್ಯೋ! ಕಾಲೇಜಲ್ಲಿ ನಾವೆಲ್ಲ ಆ ಜಾಗದ ಬಗ್ಗೆ ಪುಟಗಟ್ಟಲೆ ಬರೆದಿದ್ವಲ್ಲೇ!" ಆಮೇಲೆ ಪಿಯಾನೊ ಮುಂದೆ ಕೂತರು. "ಸರಿ, ಈಗ ಹೇಗೆ ಬಾರಿಸ್ತೀಯ?"

"ನಂಗೆ ಯಾವ ಹಾಳೇನೂ ಅಂಟ್ಕೊಂಡಿಲ್ಲ ಮಿಸ್. ನಾಲ್ಕೇ."

ಇಬ್ಬರೂ ಶುರು ಮಾಡಿದರು. ಆ ಸ್ವರ ಬಂತು. ಒಂದು, ಎರಡು... ಅಷ್ಟರಲ್ಲಿ ಪಿಯಾನೊದಿಂದ ಮೂರು ಪುಟ್ಟ ಸ್ವರಗಳು ಒಂದರ ಹಿಂದೊಂದು ಮೆಟ್ಟಿಲು ಹತ್ತಿದ ಹಾಗೆ ಬಂದವು. ಪಿಟೀಲಿನ ಮುಂದಿನ ಸ್ವರ ಇರುವ ಜಾಗಕ್ಕೇ ಅವು ಬಂದು ನಿಂತವು. ಯಾಕಮ್ಮ ಬಾರಿಸುವುದನ್ನೇ ಮರೆತಳು.

"ಮಿಸ್, ಇದು ಏನು? ಇದು ಎಲ್ಲಿಂದ ಬಂತು?"

"ಎಲ್ಲಿಂದ ಬರುತ್ತೆ? ಇನ್ನೂರು ವರ್ಷದಿಂದ ಇಲ್ಲೇ ಇದೆ, ನೋಡು."

ಹೌದು, ಹಾಳೆಯ ಕೆಳಸಾಲಿನಲ್ಲಿ ಮೂರು ಕಪ್ಪು ಚುಕ್ಕೆಗಳು. ಗಡ್ಡದವರ ರೆಕಾರ್ಡಿಂಗಿನಲ್ಲೂ ಇದ್ದಿರಬೇಕು, ನೀಲಿ ಕೋಟಿನ ಅಕ್ಕನದರಲ್ಲೂ. ಅವಳು ಬರೀ ಸೆಕೆಂಡು ಎಣಿಸಿದ್ದಳು. ಮನೆಯ ರೆಕಾರ್ಡಿನಲ್ಲಿ ಮಾತ್ರ ಅವು ಇರಲಿಲ್ಲ. ಅಂಟಿಕೊಂಡ ಹಾಳೆಯ ಒಳಗೆ ಉಳಿದುಹೋಗಿದ್ದವು.

ಮನೆಗೆ ಬಂದವಳೇ ಯಾಕಮ್ಮ ಅಜ್ಜಿಯ ಪಿಯಾನೊ ಮೇಲಿದ್ದ ಹಳೇ ಪೇಪರುಗಳ ಕಟ್ಟನ್ನು ಕೆಳಗಿಳಿಸಿದಳು. "ಅಜ್ಜಿ, ಬನ್ನಿ."

"ಹೋಗೇ! ಈ ಬೆರಳಲ್ಲಿ ನಾನೇನು ಬಾರಿಸ್ಲಿ? ಗಂಟುಗಳೆಲ್ಲ ಊದ್ಕೊಂಡಿವೆ."

"ಒಂದೇ ಪುಟ ಅಜ್ಜಿ. ನಾನೇ ತಿರುಗಿಸಿ ಇಟ್ಟಿದ್ದೀನಿ."

ಬೇಡ ಬೇಡ ಎನ್ನುತ್ತಲೇ ಅಜ್ಜಿ ಸ್ಟೂಲು ಎಳೆದುಕೊಂಡರು. ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದರು. ಆ ಮೂರು ಚುಕ್ಕೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಶುರು ಮಾಡಿದರು.

ಯಾಕಮ್ಮ ಆ ಸ್ವರಕ್ಕೆ ಬಂದಳು. ಒಂದು, ಎರಡು. ಅಜ್ಜಿಯ ಮೊದಲ ಸ್ವರ ಮೆಲ್ಲಗೆ ಬಂತು. ಮೂರು, ನಾಲ್ಕು. ಎರಡನೆಯದು ಬಂತು. ಮೂರನೆಯದಕ್ಕೆ ಅಜ್ಜಿಯ ಕಿರುಬೆರಳು ಚಾಚಿಕೊಳ್ಳಲು ಒದ್ದಾಡುತ್ತಿತ್ತು.

ಯಾಕಮ್ಮ ಕಮಾನನ್ನು ಇನ್ನಷ್ಟು ನಿಧಾನ ಮಾಡಿದಳು. ಅವಳ ಕಣ್ಣು ಹಾಳೆಯ ಮೇಲಿರಲಿಲ್ಲ, ಅಜ್ಜಿಯ ಮುಖದ ಮೇಲಿತ್ತು. ಎಣಿಕೆ ಎಲ್ಲೋ ತಪ್ಪಿಹೋಗಿತ್ತು. ಸ್ವರ ಮಾತ್ರ ಕಡಿಯದೆ, ತೆಳ್ಳಗೆ ಹರಿಯುತ್ತಲೇ ಇತ್ತು.

ಮೂರನೆಯ ಸ್ವರ ಬಂತು. ಇಬ್ಬರೂ ಒಟ್ಟಿಗೆ ಮುಂದೆ ಹೋದರು.